ಹೆದ್ದಾರಿಯ ಪಾಶ ಮತ್ತು ಜಬ್ಬಲಪುರದ ದಫ್ತರ

ನಮ್ಮ ದೇಶದಲ್ಲಿ ಇಂದು ಅಪರಾಧಶೋಧನೆಯ ಹಾಗೂ ಗುಪ್ತಚರ್ಯೆಯ ಕಾರ್ಯದಲ್ಲಿ ತೊಡಗಿರುವ ಕೇಂದ್ರೀಯ ಸಂಸ್ಥೆಗಳ ವಂಶಾವಳಿಯನ್ನು ಬೇರಿನವರೆಗೆ ಅರಸುತ್ತ ಹೋದವರು, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನರ್ಮದೆಯ ಸಮೀಪದ ಜಬ್ಬಲಪುರದಲ್ಲಿ ನಡೆಯುತ್ತಿದ್ದ ಒಂದು ಕಚೇರಿಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆ ಕಚೇರಿಯ ವಶದಲ್ಲಿ ದೊಡ್ಡ ಸೈನ್ಯವಿರಲಿಲ್ಲ, ಕೋಟೆ ಕೊತ್ತಲಗಳಿರಲಿಲ್ಲ, ಹಲವು ನೂರು ಮಂದಿ ಕಾಲಾಳುಗಳು, ಕೆಲವರು ಗುಮಾಸ್ತರು, ಸಂಕೋಲೆ ತೊಟ್ಟ ಒಂದಷ್ಟು ಮಂದಿ ಮಾಫಿಸಾಕ್ಷಿಗಳು, ಮತ್ತು ದಿನದಿನಕ್ಕೆ ಬೆಳೆಯುತ್ತಿದ್ದ ಹೇಳಿಕೆಗಳ ಕಟ್ಟುಗಳು, ಇವಿಷ್ಟೇ ಅದರ ಸಂಪತ್ತು. ಈ ಸಾಮಗ್ರಿಯನ್ನು ಇಟ್ಟುಕೊಂಡು ಆ ಕಚೇರಿಯು, ತಲೆಮಾರುಗಳ ಕಾಲ ಉತ್ತರ ಹಿಂದೂಸ್ಥಾನದಿಂದ ತಿರುವಾಂಕೂರಿನವರೆಗೆ ಹೆದ್ದಾರಿಗಳನ್ನು ತಮ್ಮ ಬೇಟೆಯ ಕಾಡನ್ನಾಗಿ ಮಾಡಿಕೊಂಡಿದ್ದ ಠಕ್ಕರ ತಂಡಗಳನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ಚೆದರಿಸಿ ಅಡಗಿಸಿತು. ಆರಕ್ಷಕ ಇಲಾಖೆಯ ಸೇವೆಯನ್ನು ನೆನೆಯುವುದಕ್ಕಾಗಿ ಹೊರಡುವ ಈ ಸಂಚಿಕೆಯಲ್ಲಿ ಆ ಕಚೇರಿಯ ಕಥೆಗೆ ಸ್ಥಳವಿರುವುದು ಯುಕ್ತವೇ ಸರಿ. ಅದರ ಸಾಧನೆಯನ್ನು ಹೇಳುವಷ್ಟೇ ವಿಶದವಾಗಿ ಅದು ನಡೆದ ಹಾದಿಯಲ್ಲಿ ಉಂಟಾದ ಅನ್ಯಾಯವನ್ನೂ ಹೇಳಬೇಕೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಆ ಕಾಲದ ಪಯಣವೆಂದರೆ ಏನೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ರೈಲು ಇನ್ನೂ ಬಂದಿರಲಿಲ್ಲ, ತಂತಿಯ ವರ್ತಮಾನವಿರಲಿಲ್ಲ, ಅಯೋಧ್ಯಾ ಪ್ರಾಂತದ ಹಳ್ಳಿಯಿಂದ ಹೊರಟು ಮಧ್ಯದೇಶದಲ್ಲಿಯೋ ದಕ್ಷಿಣದಲ್ಲಿಯೋ ಸಿಪಾಯಿಯಾಗಿದ್ದವನು ರಜೆ ಪಡೆದು, ವರ್ಷದ ಸಂಬಳದ ಉಳಿತಾಯವನ್ನು ನಡುವಿಗೆ ಕಟ್ಟಿಕೊಂಡು, ತಿಂಗಳುಗಟ್ಟಲೆ ಕಾಲ್ನಡೆಯಲ್ಲಿಯೇ ಊರು ಸೇರಬೇಕಾಗಿದ್ದಿತು. ಅವನು ಹೊರಟ ಸುದ್ದಿ ಮನೆಗೆ ತಿಳಿಯದು. ಅವನು ಮನೆ ಮುಟ್ಟಿದ ಸುದ್ದಿ ಪಟಾಲಮಿಗೆ ತಿಳಿಯದು. ನಡುದಾರಿಯಲ್ಲಿ ಮಾಯವಾದರೆ, ಸಿಪಾಯಿಯು ಓಡಿಹೋದನೆಂದು ದಂಡಿನವರೂ ಇನ್ನೂ ರಜೆ ದೊರೆತಿಲ್ಲವೆಂದು ಮನೆಯವರೂ ನಂಬಿ ಕುಳಿತಿರುತ್ತಿದ್ದರು. ಸಾಹುಕಾರರ ಹಣವನ್ನು ಹೊತ್ತು ಸಾಗಿಸುವವರ, ತೀರ್ಥಯಾತ್ರಿಕರ, ವ್ಯಾಪಾರಿಗಳ ಗತಿಯೂ ಇಂತಹುದೇ. ಕಳ್ಳರ ಭಯದಿಂದ ಜನರು ಗುಂಪುಗುಂಪಾಗಿ ಹೊರಡುತ್ತಿದ್ದರಷ್ಟೆ. ಪಥಿಕನಿಗೆ ರಕ್ಷೆಯಾಗಬೇಕಾಗಿದ್ದ ಈ ಒಡನಾಟದ ಆಸೆಯೇ ಅವನನ್ನು ಮೃತ್ಯುವಿನ ಕೈಗೆ ಒಪ್ಪಿಸುವ ಉಪಾಯವಾಯಿತು.

ಠಕ್ಕರು ಮಳೆಗಾಲ ಕಳೆದು ದಾರಿ ಒಣಗಿದ ಮೇಲೆ ಹೊರಡುತ್ತಿದ್ದರು. ಮುಂದಿನ ಮಳೆಗೆ ಮುಂಚೆ ಊರಿಗೆ ಮರಳಿ, ಬಹುಮಂದಿ ಒಳ್ಳೆಯ ಒಕ್ಕಲಿಗರಂತೆ ಹೊಲ ಉಳುತ್ತಿದ್ದರು. ದಾರಿಯಲ್ಲಿ ಅವರು ವ್ಯಾಪಾರಿಗಳ, ಸಿಪಾಯಿಗಳ, ಯಾತ್ರಿಕರ ವೇಷದಲ್ಲಿ ಚಿಕ್ಕ ಚಿಕ್ಕ ಗುಂಪುಗಳಾಗಿ ಹಿಂದೆ ಮುಂದೆ ನಡೆಯುತ್ತಿದ್ದರು. ಮಾತಿನಲ್ಲಿ ಚತುರನಾದ ಒಬ್ಬನು ಛತ್ರದಲ್ಲಿಯೋ ಬಾವಿಯ ಕಟ್ಟೆಯ ಬಳಿಯಲ್ಲಿಯೋ ಪಯಣಿಗರ ಪರಿಚಯ ಬೆಳಸಿ, ‘ನಾವೂ ಆ ಕಡೆಗೇ ಹೊರಟವರು, ಜೊತೆಯಾಗಿ ಹೋಗೋಣ’ ಎನ್ನುವನು. ನಾಲ್ಕಾರು ದಿನ, ಕೆಲವು ಸಲ ಹತ್ತಾರು ದಿನ, ಒಂದೇ ಕಡೆ ಅಡುಗೆ, ಒಂದೇ ಮರದಡಿಯಲ್ಲಿ ನಿದ್ದೆ, ಹಾಡು ಹರಟೆ. ಅಷ್ಟರಲ್ಲಿ ಮುಂದೆ ಹೋದವರು ಮೊದಲೇ ಗೊತ್ತುಮಾಡಿದ ತೋಪಿನಲ್ಲಿಯೋ ಹಳ್ಳದ ದಡದಲ್ಲಿಯೋ ಗುಂಡಿ ತೋಡಿ ಸಿದ್ಧವಾಗಿರುವರು. ಸಂಜೆ ಅಲ್ಲಿ ಎಲ್ಲರೂ ಕುಳಿತು ದಣಿವಾರಿಸಿಕೊಳ್ಳುವಾಗ ಒಬ್ಬೊಬ್ಬ ಪಯಣಿಗನ ಬೆನ್ನ ಹಿಂದೆಯೂ ಪಕ್ಕದಲ್ಲಿಯೂ ಒಬ್ಬೊಬ್ಬನು ಸೇರಿಕೊಳ್ಳುವನು. ‘ತಂಬಾಕು ತಾ’ ಎಂದು ತಂಡದ ನಾಯಕನಾದ ಜಮಾದಾರನು ಹೇಳಿದೊಡನೆಯೇ, ಒಂದು ತುದಿಗೆ ಗಂಟು ಹಾಕಿದ ವಸ್ತ್ರವು ಕುತ್ತಿಗೆಯನ್ನು ಸುತ್ತುವುದು; ಇನ್ನೊಬ್ಬನು ಕೈಗಳನ್ನೂ ಮತ್ತೊಬ್ಬನು ಕಾಲುಗಳನ್ನೂ ಹಿಡಿಯುವನು; ಕೂಗುವುದಕ್ಕೂ ಅವಕಾಶವಿಲ್ಲದೆ ಎಲ್ಲವೂ ಮುಗಿಯುವುದು. ಹೆಣಗಳನ್ನು ಹೂಳಿ, ಮಣ್ಣನ್ನು ಸಮಮಾಡಿ, ಕೆಲವು ಸಲ ಅದರ ಮೇಲೆಯೇ ಒಲೆ ಹೂಡಿ ಅಡುಗೆ ಮಾಡಿ ಉಂಡು ಹೊರಡುತ್ತಿದ್ದರೆಂದರೆ, ಕುರುಹು ಹಿಡಿಯುವವನಿಗೆ ಉಳಿಯುತ್ತಿದ್ದುದೇನು? ರಕ್ತವಿಲ್ಲ, ಆಯುಧವಿಲ್ಲ, ಹೆಣವಿಲ್ಲ, ದೂರು ಕೊಡುವವನೂ ಇಲ್ಲ.

ಈ ತಂಡಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿದ್ದರು. ಭವಾನಿಯನ್ನು ಕೊಂಡಾಡಿ, ಗುದ್ದಲಿಯನ್ನು ಪೂಜಿಸಿ, ಬೆಲ್ಲವನ್ನು ನೈವೇದ್ಯ ಮಾಡಿ ಹಂಚಿಕೊಳ್ಳುವ ಪದ್ಧತಿಯು ಅವರೆಲ್ಲರಿಗೂ ಸಮಾನವಾಗಿದ್ದಿತು. ಇದನ್ನು ನೋಡಿ ಆಂಗ್ಲ ಅಧಿಕಾರಿಗಳು, ಈ ಕೊಲೆಗಳೆಲ್ಲ ಕಾಳಿಯ ಪ್ರೀತ್ಯರ್ಥವಾಗಿ ಕೊಡುವ ಬಲಿಗಳು, ಇದೊಂದು ಭಯಂಕರವಾದ ಮತಪಂಥ ಎಂದು ಬಹಳ ಸಂಭ್ರಮದಿಂದ ಬರೆದರು. ಅವರೇ ಸಂಗ್ರಹಿಸಿದ ಹೇಳಿಕೆಗಳನ್ನು ತಾಳ್ಮೆಯಿಂದ ಓದಿದರೆ ಬೇರೊಂದು ಚಿತ್ರವು ಕಾಣುತ್ತದೆ. ಠಕ್ಕನು ಕೊಲ್ಲುತ್ತಿದ್ದುದು ಹಣಕ್ಕಾಗಿ. ದೇವಿಯನ್ನು ನೆನೆಯುತ್ತಿದ್ದುದು, ಯಾವ ಅಪಾಯದ ಕಸುಬಿನವನಾದರೂ ತನ್ನ ಕುಲದೇವತೆಯನ್ನು ನೆನೆಯುವಂತೆ, ಶಕುನಕ್ಕಾಗಿ ಮತ್ತು ಧೈರ್ಯಕ್ಕಾಗಿ. ಅವನ ಬೆನ್ನಿಗೆ ನಿಂತಿದ್ದವರು ಲೂಟಿಯಲ್ಲಿ ಪಾಲು ತೆಗೆದುಕೊಂಡು ಆಶ್ರಯ ಕೊಡುತ್ತಿದ್ದ ಜಮೀನುದಾರರು. ಮರಾಠರ ಮತ್ತು ಪಿಂಡಾರಿಗಳ ಯುದ್ಧಗಳು ಮುಗಿದು ಕೈಯಲ್ಲಿ ಕೆಲಸವಿಲ್ಲದೆ ಉಳಿದ ಸೈನಿಕರೂ ಈ ತಂಡಗಳನ್ನು ಸೇರಿದರೆಂಬುದನ್ನು ಮರೆಯತಕ್ಕುದಲ್ಲ.

ಈ ಬೇಟೆಯ ಮೊದಲನೆಯ ಸುಳಿವು ದೊರೆತುದು ನಮ್ಮ ನಾಡಿನಲ್ಲಿಯೇ ಎಂಬ ಸಂಗತಿಯು ಕನ್ನಡಿಗರಲ್ಲಿ ಅನೇಕರಿಗೆ ತಿಳಿದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಬೆಂಗಳೂರಿನ ಸುತ್ತಮುತ್ತ ಸುಮಾರು 100 ಮಂದಿ ಫಾಂಸಿಗಾರರು (ದಕ್ಷಿಣದಲ್ಲಿ ಠಕ್ಕರಿಗಿದ್ದ ಹೆಸರು) ಸೆರೆಸಿಕ್ಕಿದರು. ಇಂತಹ ಒಂದು ವರ್ಗದ ಜನರಿದ್ದಾರೆಂಬುದು ಕಂಪೆನಿಯ ಅಧಿಕಾರಿಗಳ ಅರಿವಿಗೆ ಬಂದುದು ಆಗಲೇ. ಹಾಗೆಂದು ನಮ್ಮ ಅರಸರಿಗೆ ಇವರ ವಿಷಯ ತಿಳಿದಿರಲಿಲ್ಲವೆಂದಲ್ಲ. ಹೈದರಲ್ಲಿಯು ಇವರಲ್ಲಿ ಹಲವರನ್ನು ವಿಚಾರಣೆಯ ಗೋಜಿಲ್ಲದೆಯೇ ಮುಗಿಸಿದನೆಂದೂ ಟಿಪ್ಪುವಿನ ಕಾಲದಲ್ಲಿ ಇವರಿಗೆ ಅಂಗಚ್ಛೇದದ ಶಿಕ್ಷೆಯಾಗುತ್ತಿದ್ದಿತೆಂದೂ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ವೈದ್ಯನಾಗಿದ್ದ ರಿಚರ್ಡ್ ಶೆರ್‌ವುಡ್ಡನು ಬರೆದಿದ್ದಾನೆ. 1807ರಲ್ಲಿ, ತಿರುವಾಂಕೂರಿನ ಕಡೆ ಹೋಗಿ ಕೊಳ್ಳೆ ಹೊಡೆದುಕೊಂಡು ಹಿಂದಿರುಗುತ್ತಿದ್ದ ಒಂದು ತಂಡದವರು ಚಿತ್ತೂರಿಗೂ ಆರ್ಕಾಟಿಗೂ ನಡುವೆ ಸಿಕ್ಕಿಬಿದ್ದರು. ಅವರ ಬಾಯಿಂದ ಹೊರಟ ಸಂಗತಿಗಳನ್ನು ಚಿತ್ತೂರಿನ ಮ್ಯಾಜಿಸ್ಟ್ರೇಟನಾದ ವಿಲಿಯಂ ರೈಟನು ಶೇಖರಿಸಿದನು. ಇವುಗಳ ಆಧಾರದ ಮೇಲೆ ಶೆರ್‌ವುಡ್ಡನು 1816ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಈ ಕೊಲೆಗಾರರನ್ನು ಕನ್ನಡ ಜನರು ‘ತಂತಿ ಕಳ್ಳರು’ ಎಂದು ಕರೆಯುತ್ತಾರೆಂದು ಆತನು ಅದರಲ್ಲಿ ದಾಖಲಿಸಿದ್ದಾನೆ. ನಾಡಿನ ಜನರಿಗೆ ಇವರು ಅಪರಿಚಿತರಾಗಿದ್ದರೆ ಹೆಸರೆಲ್ಲಿಂದ ಬರುತ್ತಿದ್ದಿತು? ಜನರಿಗೆ ತಿಳಿದುದು ಸರಕಾರದ ಕಾಗದಕ್ಕೆ ಇಳಿಯಲು ಬಹು ಕಾಲ ಹಿಡಿಯಿತೆಂಬುದೇ ಇಲ್ಲಿ ಗಮನಿಸಬೇಕಾದ ಅಂಶ.

ಉತ್ತರದಲ್ಲಿಯೂ ಇದೇ ಅವಧಿಯಲ್ಲಿ ಸಂಶಯವು ಬಲಿಯುತ್ತಿದ್ದಿತು. ರಜೆಯ ಮೇಲೆ ಹೋದ ಸಿಪಾಯಿಗಳು ಒಬ್ಬರ ಹಿಂದೊಬ್ಬರು ಕಾಣೆಯಾಗುತ್ತಿದ್ದುದರಿಂದ, 1810ರ ಏಪ್ರಿಲಿನಲ್ಲಿ ಮೇಜರ್ ಜನರಲ್ ಸೇಂಟ್ ಲೆಜರನು, ಸಿಪಾಯಿಗಳು ರೊಕ್ಕವನ್ನು ಕೈಯಲ್ಲಿ ಒಯ್ಯದೆ ಖಜಾನೆಗಳ ಮೇಲೆ ಹುಂಡಿ ಮಾಡಿಸಿಕೊಂಡು ಹೋಗಬೇಕು, ದಾರಿಯಲ್ಲಿ ಅಪರಿಚಿತರ ಜೊತೆ ಸೇರಬಾರದು ಎಂದು ಎಚ್ಚರಿಕೆಯ ಆಜ್ಞೆಯನ್ನು ಹೊರಡಿಸಿದನು. ಇಟಾವಾದ ಮ್ಯಾಜಿಸ್ಟ್ರೇಟನಾದ ಥಾಮಸ್ ಪೆರಿಯು ದಾರಿಯ ಬಾವಿಗಳಲ್ಲಿ ದೊರೆಯುತ್ತಿದ್ದ ಹೆಣಗಳ ರಹಸ್ಯವನ್ನು ಬಿಡಿಸಲು ಹೆಣಗಿ, ತಪ್ಪೊಪ್ಪಿಕೊಂಡ ಆರೋಪಿಗಳನ್ನು ನ್ಯಾಯಾಲಯದ ಮುಂದೆ ನಿಲ್ಲಿಸಿದನು. ಆದರೆ ಪಾಲುಗಾರರ ಮಾತಿನ ಮೇಲೆ ಮಾತ್ರವೇ ಶಿಕ್ಷೆ ವಿಧಿಸಲು ಕಂಪೆನಿಯ ಉಚ್ಚ ಅಪರಾಧ ನ್ಯಾಯಾಲಯವಾದ ನಿಜಾಮತ್ ಅದಾಲತ್ತು ಒಪ್ಪಲಿಲ್ಲ. 1812ರಲ್ಲಿ ಕಂಪೆನಿಯ ಅಧಿಕಾರಿಯಾದ ಹಾಲ್‌ಹೆಡ್ಡನು ಠಕ್ಕರ ನೆಲೆಯಾಗಿದ್ದ ಸಿಂದೌಸ್ ಪರಗಣೆಯ ಮೇಲೆ ದಂಡೆತ್ತಿ ಹೋದನು, ಲೆಫ್ಟಿನೆಂಟ್ ಮಾನ್ಸೆಲ್ಲನು ಅಲ್ಲಿ ಪ್ರಾಣ ಕಳೆದುಕೊಂಡನು, ಹಳ್ಳಿಗಳು ಸುಟ್ಟವು, ಠಕ್ಕರು ಚೆದರಿ, ನೆರೆಯ ಸಂಸ್ಥಾನಗಳಿಗೆ ಹೋಗಿ ನೆಲೆಸಿದರು. ದಂಡಿನಿಂದ ಆದ ಲಾಭವಿಷ್ಟೇ. ಒಂದು ಜಿಲ್ಲೆಯ ಅಧಿಕಾರಿಯು ಎಷ್ಟೇ ಶ್ರದ್ಧಾವಂತನಾಗಿರಲಿ, ಅವನ ಅಧಿಕಾರವು ಅವನ ಗಡಿಗಲ್ಲಿನ ಬಳಿ ನಿಲ್ಲುತ್ತಿದ್ದಿತು; ಒಂದು ರಾಜ್ಯದಲ್ಲಿ ಹುಟ್ಟಿ, ಎರಡನೆಯದರಲ್ಲಿ ಕೊಂದು, ಮೂರನೆಯದರಲ್ಲಿ ಮಾಲು ಮಾರುವವನನ್ನು ಹಿಡಿಯುವ ಯಂತ್ರವು ಆಗ ದೇಶದಲ್ಲೆಲ್ಲಿಯೂ ಇರಲಿಲ್ಲ.

ಅಂತಹ ಯಂತ್ರವನ್ನು ಜಬ್ಬಲಪುರದಲ್ಲಿ ಕಟ್ಟಿದವನು ವಿಲಿಯಂ ಹೆನ್ರಿ ಸ್ಲೀಮನ್. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ 1788ರಲ್ಲಿ ಹುಟ್ಟಿ, 1809ರಲ್ಲಿ ಬಂಗಾಳದ ಸೈನ್ಯಕ್ಕೆ ಸೇರಿ ಬಂದ ಈತನು, ದೇಶಭಾಷೆಗಳನ್ನು ಶ್ರಮಪಟ್ಟು ಕಲಿತವನು. 1822ರಿಂದ 1824ರವರೆಗೆ ಅವನು ನರಸಿಂಹಪುರದ ಮ್ಯಾಜಿಸ್ಟ್ರೇಟನಾಗಿದ್ದನು. ತನ್ನ ಜಿಲ್ಲೆಯಲ್ಲಿ ನಡೆಯುವ ಸಣ್ಣ ಕಳವು ಕೂಡ ತನಗೆ ತಿಳಿಯದೆ ಹೋಗದೆಂದು ಅವನು ನಂಬಿದ್ದ ದಿನಗಳವು. ಅವನ ಕಚೇರಿಯಿಂದ 400 ಗಜ ದೂರದಲ್ಲಿಯೂ ಇಲ್ಲದ ಕಂದೇಲಿ ಎಂಬ ಹಳ್ಳಿಯಲ್ಲಿ ಠಕ್ಕರ ತಂಡವೊಂದು ವಾಸವಾಗಿದ್ದಿತೆಂದೂ, ಒಂದು ದಿನದ ಪಯಣದಷ್ಟು ದೂರದಲ್ಲಿದ್ದ ಮಂದೇಸರದ ತೋಪುಗಳು ಹಿಂದೂಸ್ಥಾನದಲ್ಲಿಯೇ ಅತಿ ದೊಡ್ಡ ಕೊಲೆಯ ತಾಣಗಳಲ್ಲಿ ಒಂದಾಗಿದ್ದವೆಂದೂ ಅವನಿಗೆ ತಿಳಿದುದು ಬಹಳ ವರ್ಷಗಳ ತರುವಾಯ. ಆ ಕಾಲದಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ಅವರನ್ನು ಮೂರ್ಖರೆಂದೋ ಹುಚ್ಚರೆಂದೋ ಎಣಿಸುತ್ತಿದ್ದೆನೆಂದು ಅವನೇ ಬರೆದಿಟ್ಟಿದ್ದಾನೆ. ಅಧಿಕಾರಿಯೊಬ್ಬನು ತನ್ನ ಅಜ್ಞಾನವನ್ನು ಇಷ್ಟು ನೇರವಾಗಿ ಅಚ್ಚಿನಲ್ಲಿ ಒಪ್ಪಿಕೊಳ್ಳುವುದು ಅಪೂರ್ವ. ಈ ಒಂದು ಪುಟಕ್ಕಾಗಿ ನಾನು ಅವನನ್ನು ಗೌರವಿಸುತ್ತೇನೆ.

1830ರ ಅಕ್ಟೋಬರಿನಲ್ಲಿ ಕಲ್ಕತ್ತೆಯ ಒಂದು ಪತ್ರಿಕೆಯಲ್ಲಿ ಹೆಸರಿಲ್ಲದ ಕಾಗದವೊಂದು ಅಚ್ಚಾಯಿತು. ಮಿರ್ಜಾಪುರದ ಬಳಿಯ ವಿಂಧ್ಯಾಚಲದ ದೇಗುಲಕ್ಕೆ ಠಕ್ಕರು ಬಂದು ಹೋಗುವ ಸಂಗತಿಯನ್ನೂ, ಅವರು ದೇಶವ್ಯಾಪಿಯಾದ ಜಾಲವಾಗಿರುವುದನ್ನೂ, ಸರಕಾರವು ಇನ್ನು ಸುಮ್ಮನಿರಬಾರದೆಂಬುದನ್ನೂ ಅದು ಬಲವಾಗಿ ಪ್ರತಿಪಾದಿಸಿತು. ಬರೆದವನು ಸ್ಲೀಮನ್ನನೇ. ಗವರ್ನರ್ ಜನರಲ್ ಬೆಂಟಿಂಕನ ಸರಕಾರವು ಎಚ್ಚತ್ತಿತು. ಸಾಗರ ಮತ್ತು ನರ್ಮದಾ ಪ್ರಾಂತಗಳಲ್ಲಿ ಗವರ್ನರ್ ಜನರಲನ ಏಜೆಂಟನಾಗಿದ್ದ ಎಫ್. ಸಿ. ಸ್ಮಿತ್ತನು ಒಂದು ಯೋಜನೆಯನ್ನು ಬರೆದು ಕಳುಹಿಸಿದನು. ಸ್ಲೀಮನ್ನನು ಹಿಡಿದು ತನಿಖೆ ಮಾಡುವುದೆಂದೂ ಸ್ಮಿತ್ತನು ವಿಚಾರಣೆ ನಡೆಯಿಸಿ ತೀರ್ಪು ಕೊಡುವುದೆಂದೂ ಏರ್ಪಾಡಾಯಿತು.

ಆ ಚಳಿಗಾಲದಲ್ಲಿಯೇ ಫಿರಂಗಿಯಾ ಎಂಬ ಜಮಾದಾರನು ಸೆರೆಸಿಕ್ಕಿದನು. ಹುಟ್ಟಿನಿಂದ ಬ್ರಾಹ್ಮಣ, ರೂಪವಂತ, ತಂಡಗಳ ನಾಯಕರಲ್ಲಿ ಹೆಸರಾದವನು. ಅವನ ತಲೆಗೆ 500 ರೂಪಾಯಿಯ ಬಹುಮಾನ ಸಾರಲಾಗಿದ್ದಿತು. ಅವನು ಕೈಗೆ ಸಿಕ್ಕದಿದ್ದಾಗ ಅವನ ತಾಯಿಯನ್ನೂ ಹೆಂಡತಿಯನ್ನೂ ಮಗುವನ್ನೂ ಹಿಡಿದುತಂದು ಇರಿಸಿಕೊಂಡಿದ್ದರು. ಮನೆಯವರ ಮೇಲಿನ ಮೋಹದಿಂದ ಅವನು ದೂರ ಹೋಗಲಾರನೆಂಬ ಲೆಕ್ಕಾಚಾರವು ಫಲಿಸಿತು. ಫಲಿಸಿತೆಂಬ ಕಾರಣಕ್ಕೆ ಅದು ನ್ಯಾಯವಾಗದು. ಅಪರಾಧವಿಲ್ಲದ ಹೆಂಗಸರನ್ನು ಒತ್ತೆಯಾಗಿಟ್ಟುಕೊಳ್ಳುವುದು ಆ ಕಾಲದಲ್ಲಿಯೂ ತಪ್ಪೇ ಆಗಿದ್ದಿತು.

ಪ್ರಾಣದಾನದ ಭರವಸೆಯ ಮೇಲೆ ಫಿರಂಗಿಯಾ ಬಾಯಿಬಿಟ್ಟನು. ಅವನ ಮಾತನ್ನು ಸ್ಲೀಮನ್ನನು ಮೊದಲು ನಂಬಲಿಲ್ಲ. ಸಾಗರಕ್ಕೆ ಹೋಗುವ ದಾರಿಯಲ್ಲಿ ಸಲೋಹ್ಡಾ ಎಂಬಲ್ಲಿ ಮಾವಿನ ತೋಪಿನೊಳಗೆ ಡೇರೆ ಹೊಡೆದಿದ್ದರು. ಸ್ಲೀಮನ್ನನ ಪತ್ನಿಯೂ ಜೊತೆಗಿದ್ದಳು. ಈ ತೋಪೇ ತಮ್ಮ ತಾಣಗಳಲ್ಲಿ ಒಂದೆಂದು ಹೇಳಿ ಫಿರಂಗಿಯಾ ಜಾಗಗಳನ್ನು ಬೆರಳಿಟ್ಟು ತೋರಿಸಿದನು. ಎಲ್ಲೆಡೆಯೂ ಹುಲ್ಲು ಬೆಳೆದು, ನೆಲದಲ್ಲಿ ಒಂದು ಉಬ್ಬೂ ಒಂದು ತಗ್ಗೂ ಕಾಣುತ್ತಿರಲಿಲ್ಲ. ಅಗೆದು ನೋಡಿದರೆ, 1818ರಲ್ಲಿ ಕೊಲೆಯಾದ ಒಬ್ಬ ಪಂಡಿತನ ಮತ್ತು ಅವನ ಆರು ಮಂದಿ ಅನುಚರರ ಅಸ್ಥಿಗಳು ಡೇರೆಯ ಹಗ್ಗಗಳ ನಡುವೆ. 1824ರಲ್ಲಿ ಸತ್ತ ಒಬ್ಬ ಹವಾಲ್ದಾರನ ಮತ್ತು ನಾಲ್ವರು ಸಿಪಾಯಿಗಳ ಅಸ್ಥಿಗಳು ಕುದುರೆಗಳನ್ನು ಕಟ್ಟಿದ್ದ ಜಾಗದ ಅಡಿಯಲ್ಲಿ. ಕಾವಡಿಯಲ್ಲಿ ಗಂಗಾಜಲ ಹೊತ್ತು ಹೊರಟಿದ್ದ ನಾಲ್ವರು ಬ್ರಾಹ್ಮಣರ ಮತ್ತು ಒಬ್ಬ ಹೆಂಗಸಿನ ಅಸ್ಥಿಗಳು ಮಲಗುವ ಡೇರೆಯ ಒಳಗೇ! ಅಲ್ಲಿಂದಾಚೆಗೆ ಸ್ಲೀಮನ್ನನಿಗೆ ಸಂದೇಹವುಳಿಯಲಿಲ್ಲ.

ಮುಂದೆ ನಡೆದುದು ಹೊರಗಣ್ಣಿಗೆ ನೀರಸವಾದ ಕೆಲಸ. ಈ ಲೇಖಕನಿಗೆ ಇತಿಹಾಸದ ಈ ಭಾಗವೇ ಅತ್ಯಂತ ಆದರಣೀಯವಾಗಿ ತೋರುತ್ತದೆ. ಹಿಡಿದ ಪ್ರತಿಯೊಬ್ಬ ಠಕ್ಕನಿಂದಲೂ, ಅವನು ಯಾವ ವರ್ಷ ಯಾವ ದಾರಿಯಲ್ಲಿ ಯಾರ ಜೊತೆ ಹೋದನು, ಎಲ್ಲಿ ಎಷ್ಟು ಜನರನ್ನು ಕೊಂದರು, ಏನು ದೊರೆಯಿತು, ಯಾರ ಪಾಲಿಗೆ ಏನು ಬಂದಿತು ಎಂಬುದನ್ನು ಬರೆಯಿಸಿಕೊಳ್ಳುತ್ತಿದ್ದರು. ಅದೇ ಪಯಣದಲ್ಲಿದ್ದ ಮತ್ತೊಬ್ಬನು ನೂರು ಹರದಾರಿ ದೂರದ ಸೆರೆಮನೆಯಲ್ಲಿ, ಮೊದಲನೆಯವನನ್ನು ಕಾಣದೆಯೇ ಕೊಟ್ಟ ಹೇಳಿಕೆಯನ್ನು ಇದರ ಪಕ್ಕದಲ್ಲಿಟ್ಟು ತಾಳೆ ನೋಡುತ್ತಿದ್ದರು. ಎರಡೂ ಹೊಂದಿದರೆ ಮಾಫಿಸಾಕ್ಷಿಯನ್ನು ಸಂಕೋಲೆಯೊಡನೆಯೇ ಸ್ಥಳಕ್ಕೆ ಕರೆದೊಯ್ದು ಅಗೆಯುತ್ತಿದ್ದರು. ಸತ್ತವರ ಬಂಧುಗಳನ್ನು ಹುಡುಕಿಸಿ, ದೊರೆತ ಬಟ್ಟೆ ಪಾತ್ರೆಗಳನ್ನು ಅವರಿಗೆ ತೋರಿಸುತ್ತಿದ್ದರು. ಠಕ್ಕರ ಮನೆತನಗಳ ವಂಶವೃಕ್ಷಗಳನ್ನು ಬರೆದು, ಯಾರು ಯಾರಿಗೆ ಅಳಿಯ, ಯಾರು ದತ್ತುಮಗ, ಯಾರು ನೇಣಿಗೇರಿದನು, ಯಾರು ಇನ್ನೂ ಹೊರಗಿದ್ದಾನೆ ಎಂಬುದನ್ನು ಒಂದೊಂದು ಹೆಸರಿನ ಮುಂದೆಯೂ ಗುರುತು ಹಾಕಿದರು. ಅವರ ಗುಪ್ತಭಾಷೆಯಾದ ರಾಮಸಿಯ ಶಬ್ದಗಳನ್ನು ಸ್ಲೀಮನ್ನನು ಕೋಶವನ್ನಾಗಿ ಮಾಡಿ 1836ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದನು. ಅವಧ ರಾಜ್ಯದಲ್ಲಿ ಕ್ಯಾಪ್ಟನ್ ಪೇಟನನು ಸುಮಾರು 1400 ಮೈಲಿಗಳ ದಾರಿಗಳ ಉದ್ದಕ್ಕೂ 274 ಕೊಲೆಯ ತಾಣಗಳನ್ನು ನಕ್ಷೆಯ ಮೇಲೆ ಗುರುತಿಸಿದನು. ಸುಮಾರು ಐದು ಮೈಲಿಗೆ ಒಂದರಂತೆ ಆಯಿತು. ಹೀಗೆ, ಯಾವ ಒಬ್ಬ ಠಾಣೆದಾರನಿಗೂ ಯಾವ ಒಬ್ಬ ರಾಜನಿಗೂ ತಿಳಿಯದಿದ್ದ ದಾರಿಗಳ ಜ್ಞಾನವು ಒಂದು ಕಡೆ ಕೂಡಿತು. ಪಂಜಾಬಿನ ಗಡಿಯಲ್ಲಿ ಹಿಡಿದವನು ಸುಳ್ಳು ಹೆಸರು ಹೇಳಿದರೆ, ಅವನ ನಿಜವಾದ ತಂದೆಯ ಹೆಸರು ಜಬ್ಬಲಪುರದ ದಫ್ತರದಲ್ಲಿ ಮೊದಲೇ ಕಾದಿರುತ್ತಿದ್ದಿತು.

ಈ ಕಾರ್ಯದಲ್ಲಿ ಬೆವರು ಸುರಿಸಿದವರು ಬಹುಪಾಲು ಈ ದೇಶದವರೇ. ನಜೀಬರೆಂದು ಕರೆಯಲ್ಪಡುತ್ತಿದ್ದ ಕಾಲಾಳುಗಳು ನಾಲ್ಕಾರು ಜನರ ಗುಂಪುಗಳಾಗಿ, ಇಬ್ಬರು ಮೂವರು ಮಾಫಿಸಾಕ್ಷಿಗಳನ್ನು ನಡುವೆ ಇಟ್ಟುಕೊಂಡು, ಪರರಾಜ್ಯಗಳಲ್ಲಿ ನೂರಾರು ಮೈಲಿ ನಡೆದು, ಆಶ್ರಯ ಕೊಟ್ಟ ಜಮೀನುದಾರನ ಗಢಿಯ ಬಾಗಿಲಿಗೇ ಹೋಗಿ ಕೈದಿಯನ್ನು ಕೇಳುತ್ತಿದ್ದರು. ಪಾರಸಿ ಬಲ್ಲ ಮುನ್ಷಿಗಳು ಹಗಲಿರುಳು ಹೇಳಿಕೆಗಳನ್ನು ಬರೆದರು. ಇವರ ಹೆಸರುಗಳನ್ನು ಮುದ್ರಿತ ವರದಿಗಳಲ್ಲಿ ಅರಸಿದವನಿಗೆ ನಿರಾಶೆಯೇ ಗತಿ. ಕೊಲೆಗಾರರ ವಂಶಾವಳಿಯು ಏಳು ತಲೆಮಾರು ದೊರೆಯುತ್ತದೆ, ಹಿಡಿದವನ ತಂದೆಯ ಹೆಸರು ದೊರೆಯುವುದಿಲ್ಲ. ಇಂತಹ ಸಂಚಿಕೆಯಲ್ಲಿ ಅವರನ್ನು ಹೆಸರಿಲ್ಲದೆಯಾದರೂ ನೆನೆಯುವುದು ನಮ್ಮ ಕರ್ತವ್ಯ.

1835ರಲ್ಲಿ ಸ್ಲೀಮನ್ನನು ಈ ಕಾರ್ಯಕ್ಕೆಂದೇ ನಿಯಮಿತನಾದ ಜನರಲ್ ಸೂಪರಿಂಟೆಂಡೆಂಟನಾದನು. ಹೈದರಾಬಾದು, ಅವಧ, ರಾಜಪುತಾನ ಮುಂತಾದೆಡೆಗಳಲ್ಲಿ ಅವನ ಸಹಾಯಕರು ನೆಲೆಸಿದರು. ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸೀಮೆಗೂ ಈ ಶೋಧವು ಹಬ್ಬಿ, ಬೆಂಗಳೂರಿನಲ್ಲಿಯೂ ಈ ಇಲಾಖೆಯ ಅಧಿಕಾರಿಯೊಬ್ಬನು ಕಾರ್ಯ ನಡೆಯಿಸಿದನು. ಕನ್ನಡಿಗರಿಗೆ ಸುರಪುರದ ಸಂಬಂಧದಿಂದ ಚಿರಪರಿಚಿತನಾದ ಫಿಲಿಪ್ ಮೆಡೋಸ್ ಟೇಲರನೂ ಈ ಕಥೆಯೊಳಗೆ ಬರುತ್ತಾನೆ. ನಿಜಾಮನ ಸೇವೆಯಲ್ಲಿ ತರುಣ ಅಧಿಕಾರಿಯಾಗಿದ್ದಾಗ ಅವನಿಗೂ ದಾರಿಯ ಕೊಲೆಗಳ ಸುಳಿವು ದೊರೆತಿದ್ದಿತು. ತನಿಖೆ ಮುಗಿಯುವ ಮುಂಚೆ ಬೇರೆ ಕೆಲಸಕ್ಕೆ ಕಳುಹಿಸದಿದ್ದರೆ ಆ ರಹಸ್ಯವನ್ನು ತಾನೇ ಮೊದಲು ಹೊರಗೆಡಹುತ್ತಿದ್ದೆನೆಂಬ ಕೊರಗು ಅವನಿಗೆ ಕೊನೆಯವರೆಗೂ ಇದ್ದಿತು. ಮಾಫಿಸಾಕ್ಷಿಗಳ ಮಾತನ್ನು ಕಿವಿಯಾರೆ ಕೇಳಿದ ಅನುಭವದಿಂದ ಅವನು ಬರೆದ ‘ಠಕ್ಕನೊಬ್ಬನ ತಪ್ಪೊಪ್ಪಿಗೆ’ ಎಂಬ ಕಾದಂಬರಿಯು 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ, ಈ ವಿಷಯವನ್ನು ಆಂಗ್ಲರ ಮನೆಮನೆಗೆ ಮುಟ್ಟಿಸಿತು. ಸುರಪುರಕ್ಕೆ ಅವನು ಬಂದು ನೆಲಸಿ, ಅಪ್ರಾಪ್ತ ವಯಸ್ಕನಾಗಿದ್ದ ರಾಜಾ ವೆಂಕಟಪ್ಪನಾಯಕನ ಪರವಾಗಿ ಸಂಸ್ಥಾನವನ್ನು ನೋಡಿಕೊಂಡುದು ಇದರ ಅನಂತರದ ಮಾತು.

ಕಾನೂನು ಈ ಬೇಟೆಗೆ ಅನುಕೂಲವಾಗುವಂತೆ ತನ್ನನ್ನು ಬಾಗಿಸಿಕೊಂಡಿತು. 1836ರ 30ನೆಯ ಆಕ್ಟಿನ ಪ್ರಕಾರ, ಒಬ್ಬನು ಯಾವುದಾದರೂ ಠಕ್ಕರ ತಂಡಕ್ಕೆ ಸೇರಿದವನೆಂದು, ಆ ಸಂಬಂಧವು ಕಾಯಿದೆಯು ಹುಟ್ಟುವುದಕ್ಕೆ ಮುಂಚಿನದಾಗಿದ್ದರೂ ಸರಿಯೇ, ರುಜುವಾತಾದರೆ ಸಾಕು, ಅವನಿಗೆ ಕಠಿಣ ದುಡಿಮೆಯೊಡನೆ ಆಜೀವ ಕಾರಾವಾಸ. ಇಂತಹ ದಿನ ಇಂತಹವನನ್ನು ಕೊಂದನೆಂದು ತೋರಿಸಬೇಕಾಗಿಲ್ಲ. ಆರೋಪಿಗಳ ಪರವಾಗಿ ವಾದಿಸುವವರು ಇರುತ್ತಿರಲಿಲ್ಲ. ಪ್ರಾಣವುಳಿಸಿಕೊಂಡ ಪಾಲುಗಾರನ ಮಾತೇ ಮುಖ್ಯ ಪ್ರಮಾಣ. 1826ರಿಂದ 1848ರವರೆಗೆ ಸುಮಾರು 4500 ಮಂದಿ ಈ ನ್ಯಾಯಾಸನಗಳ ಮುಂದೆ ನಿಂತರು. ಸುಮಾರು 500 ಮಂದಿ ನೇಣಿಗೇರಿದರು. ಉಳಿದವರಲ್ಲಿ ಬಹುಭಾಗವು ಕರಿನೀರಿನ ಆಚೆಗೋ ಆಜನ್ಮ ಸೆರೆಗೋ ಹೋಯಿತು. ದ್ವೀಪಾಂತರಕ್ಕೆ ಹೋಗುವವರ ಹಣೆಯ ಮೇಲೆ ಹಚ್ಚೆ ಹೊಯ್ಯುತ್ತಿದ್ದರು. ಇವರಲ್ಲಿ ನಿಜವಾದ ಕೊಲೆಗಾರರೇ ಬಹುಮಂದಿಯೆಂಬುದರಲ್ಲಿ ನನಗೆ ಸಂಶಯವಿಲ್ಲ. ತೋಪುಗಳಲ್ಲಿ ದೊರೆತ ಅಸ್ಥಿಗಳು ಯಾರ ಕಲ್ಪನೆಯೂ ಅಲ್ಲ. ಆದರೆ ಹಳೆಯ ದ್ವೇಷಕ್ಕಾಗಿ ಮಾಫಿಸಾಕ್ಷಿಯು ಬೆರಳು ತೋರಿದ ನಿರಪರಾಧಿಗಳು ಎಷ್ಟು ಮಂದಿಯೋ ಅವರಲ್ಲಿ ಸೇರಿ ಹೋಗಿದ್ದಿರಬೇಕು. ಪಾಲುಗಾರನ ಮಾತೊಂದನ್ನೇ ನಂಬಲಾರೆನೆಂದ ಹಿಂದಿನ ಅದಾಲತ್ತಿನ ಮೌಲ್ವಿಗಳನ್ನು ಆಂಗ್ಲ ಲೇಖಕರು ಹಳಿದುದುಂಟು. ಆ ಮೌಲ್ವಿಗಳ ಸಂಕೋಚದಲ್ಲಿಯೂ ನ್ಯಾಯದ ಒಂದು ಅಂಶವಿದ್ದಿತು. ಸಂಖ್ಯೆಗಳ ವಿಷಯದಲ್ಲಿಯೂ ಎಚ್ಚರವಿರಬೇಕು. ಬೆಹರಾಮನೆಂಬ ಜಮಾದಾರನು 931 ಕೊಲೆಗಳನ್ನು ಮಾಡಿದನೆಂಬ ಮಾತು ಲೋಕವನ್ನೆಲ್ಲ ಸುತ್ತಿದೆ. ಅವನ ಹೇಳಿಕೆಯಲ್ಲಿ ತನ್ನ ಕೈಯಾರೆ ಕೊಂದವರು 125 ಮಂದಿಯಷ್ಟು ಇರಬಹುದೆಂದು ಇದೆ. ಅದೇ ಸಾಲದೆ?

ಪ್ರಾಣ ಉಳಿಸಿಕೊಂಡ ಮಾಫಿಸಾಕ್ಷಿಗಳಿಗೂ ಬಿಡುಗಡೆಯಿರಲಿಲ್ಲ. 1837ರ ಸುಮಾರಿಗೆ ಜಬ್ಬಲಪುರದಲ್ಲಿ ಅವರಿಗಾಗಿ ಕೈಗಾರಿಕೆಯ ಶಾಲೆಯನ್ನು ಸ್ಥಾಪಿಸಿ, ಅವರಿಗೂ ಅವರ ಮಕ್ಕಳಿಗೂ ಡೇರೆ ಹೊಲಿಯುವುದನ್ನೂ ಜಮಖಾನೆ ನೇಯುವುದನ್ನೂ ಕಲಿಸಿದರು. ಸರಕು ಚೆನ್ನಾಗಿದ್ದಿತು, ಮಾರಾಟವೂ ಚೆನ್ನಾಗಿದ್ದಿತು. ತಂದೆಯ ಕಸುಬು ಮಕ್ಕಳಿಗೆ ಇಳಿಯಬಾರದೆಂಬುದು ಉದ್ದೇಶ. ಆದರೆ ಯಾವ ಪಾಪವನ್ನೂ ಮಾಡದ ಮಕ್ಕಳು ಆ ಗೋಡೆಗಳೊಳಗೆ ಬೆಳೆದರೆಂಬುದು ನಿಜವಷ್ಟೆ.

1839ರಲ್ಲಿ ಡಕಾಯಿತಿಯನ್ನು ಅಡಗಿಸುವ ಹೊಣೆಯೂ ಸ್ಲೀಮನ್ನನಿಗೆ ಬಂದಿತು. ‘ಠಗ್ಗಿ ಮತ್ತು ಡಕಾಯಿತಿ ಇಲಾಖೆ’ ಎಂಬ ಹೆಸರು ರೂಢವಾಯಿತು. 1849ರಲ್ಲಿ ಅವನು ಲಕ್ನೋವಿಗೆ ರೆಸಿಡೆಂಟನಾಗಿ ಹೋದನು. 1856ರಲ್ಲಿ ಸ್ವದೇಶಕ್ಕೆ ಹೊರಟ ಹಡಗಿನಲ್ಲಿಯೇ, ಸಿಂಹಳದ ಬಳಿ, ಕಾಲವಾದನು. ಇಲಾಖೆಯು ಅವನ ಹಿಂದೆಯೂ ಅರ್ಧ ಶತಮಾನ ಉಳಿಯಿತು. ಬ್ರಿಟಿಷ್ ಪ್ರಾಂತಗಳಲ್ಲಿ ಹೊಸ ಪೊಲೀಸ್ ವ್ಯವಸ್ಥೆಯು ಬಂದ ಮೇಲೆ ಅದರ ಕಾರ್ಯವು ದೇಶೀಯ ಸಂಸ್ಥಾನಗಳಿಗೆ ಸೀಮಿತವಾಯಿತು. ಆಂಡ್ರೂ ಫ್ರೇಸರನ ಅಧ್ಯಕ್ಷತೆಯ ಪೊಲೀಸ್ ಆಯೋಗವು ವರದಿ ಮಾಡಿದ ತರುವಾಯ, 1904ರಲ್ಲಿ ಅದನ್ನು ಮುಚ್ಚಿ, ಕೇಂದ್ರೀಯ ಅಪರಾಧ ಗುಪ್ತಚಾರ ಇಲಾಖೆಯನ್ನು ಸ್ಥಾಪಿಸಿದರು. ಇಂದಿನ ಗುಪ್ತಚರ ದಳವಾದ ಇಂಟೆಲಿಜೆನ್ಸ್ ಬ್ಯೂರೋ ಇದರ ಸಂತಾನ.

ಕಾಯಿದೆಗಳಲ್ಲಿ ಉಳಿದ ಗುರುತುಗಳು ಇನ್ನೂ ದೀರ್ಘವಾದವು. 1860ರ ದಂಡಸಂಹಿತೆಯ 310 ಮತ್ತು 311ನೆಯ ಕಲಮುಗಳು ಠಕ್ಕನ ಲಕ್ಷಣವನ್ನೂ ಅವನ ಶಿಕ್ಷೆಯನ್ನೂ ಹೇಳಿದವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವುಗಳಿಗೆ ಸ್ಥಾನ ದೊರೆಯಲಿಲ್ಲ. 1872ರ ಸಾಕ್ಷ್ಯ ಅಧಿನಿಯಮವು ಪಾಲುಗಾರನೂ ಸಾಕ್ಷಿಯಾಗಬಹುದೆಂದು ಒಪ್ಪಿಯೂ, ಮುಖ್ಯಾಂಶಗಳಲ್ಲಿ ಬೇರೆ ಪುಷ್ಟಿ ದೊರೆಯದಿದ್ದರೆ ಅವನ ಮಾತು ವಿಶ್ವಾಸಕ್ಕೆ ಅರ್ಹವಲ್ಲವೆಂದು ನ್ಯಾಯಾಲಯವು ಭಾವಿಸಬಹುದೆಂದಿತು. ತೋಪುಗಳನ್ನು ಅಗೆದು ಅಗೆದು ಸ್ಲೀಮನ್ನನ ಜನರು ಪಾಲಿಸಿದ ಎಚ್ಚರವೇ ಇಲ್ಲಿ ಕಾನೂನಿನ ಮಾತಾಯಿತು. ಇದು ಆ ಪರಂಪರೆಯ ಶುಭಭಾಗ. ಅಶುಭಭಾಗವು 1871ರಲ್ಲಿ ಬಂದಿತು. ಅಪರಾಧವು ರಕ್ತದಲ್ಲಿ ಇಳಿದುಬರುತ್ತದೆ, ಮನೆತನದ ಹೆಸರನ್ನು ಪಟ್ಟಿಗೆ ಸೇರಿಸಿದರೆ ಮನುಷ್ಯನ ವಿಚಾರಣೆ ಮುಗಿದಂತೆಯೇ ಎಂಬ ಭಾವನೆಯು ವಂಶವೃಕ್ಷಗಳ ಆ ಕಾಗದಗಳಿಂದ ಹೊರಟು, ಅಪರಾಧಿ ಬುಡಕಟ್ಟುಗಳ ಕಾಯಿದೆಯಾಗಿ ರೂಪುಗೊಂಡಿತು. ಠಕ್ಕನನ್ನು ಶಿಕ್ಷಿಸುವಾಗ ಕೊನೆಯ ಪಕ್ಷ ಅವನು ಒಂದು ತಂಡಕ್ಕೆ ಸೇರಿದವನೆಂದು ತೋರಿಸಬೇಕಾಗಿದ್ದಿತು. ಈ ಕಾಯಿದೆಯ ಕೆಳಗೆ ಹುಟ್ಟೇ ಸಾಕಾಯಿತು. ಊರೂರು ಅಲೆದು ಉಪ್ಪು ಮಾರಿ, ಬುಟ್ಟಿ ಹೆಣೆದು ಬದುಕುತ್ತಿದ್ದ ಕೊರಚ ಕೊರಮರಂತಹ ಜನರು ನಮ್ಮ ಕಡೆ ಈ ಪಟ್ಟಿಗೆ ಸಿಕ್ಕಿಬಿದ್ದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗುಗಳಲ್ಲಿ ತಂತಿಬೇಲಿ ಹಾಕಿದ ವಸತಿಗಳನ್ನು ಮಾಡಿ ಇಂತಹ ಕುಟುಂಬಗಳನ್ನು ಇರಿಸಿದರು. ಹೊರಗೆ ಹೋಗಲು ಚೀಟಿ, ಒಳಗೆ ಬಂದ ಮೇಲೆ ಹಾಜರಿ. ಸ್ವತಂತ್ರ ಭಾರತವು ಆ ಕಾಯಿದೆಯನ್ನು 1952ರ ಆಗಸ್ಟ್ 31ರಂದು ರದ್ದುಗೊಳಿಸಿತು. ವಿಮುಕ್ತ ಸಮುದಾಯಗಳವರು ಪ್ರತಿವರ್ಷ ಆ ದಿನವನ್ನು ತಮ್ಮ ವಿಮುಕ್ತಿ ದಿನವೆಂದು ಆಚರಿಸುತ್ತಾರೆ. ಹುಬ್ಬಳ್ಳಿಯ ಆ ಬಡಾವಣೆಯನ್ನು ಜನರು ಈಗಲೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ.